ಹುಚ್ಚೆಳ್ಳೆಣ್ಣೆಯ ಅಚ್ಚು

ನನ್ನ ಪುಸ್ತಕದಲ್ಲಿ ಕೆಟ್ಟುಹೋದ ಪುಟ ಒಂದೂ ಇಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಮಸಿ ಚೆಲ್ಲಿದ ಪುಟಗಳಿವೆ, ಅಂಟು ಜಾಸ್ತಿಯಾಗಿ ಹಪ್ಪಳದ ಹಾಗೆ ಸುರುಟಿಕೊಂಡ ಪುಟಗಳಿವೆ, ಇಲಿ ಮೂಲೆ ತಿಂದ ಪುಟವೂ ಒಂದಿದೆ. ಆದರೆ ಕೆಟ್ಟಿತು ಎಂದು ಹರಿದು ಒಲೆಗೆ ಹಾಕಿದ್ದು ಒಂದೂ ಇಲ್ಲ. ಇಲಿ ತಿಂದ ಜಾಗಕ್ಕೆ ಹಳೆಯ ರವಿಕೆಯ ಅಂಚು ಹಚ್ಚಿ ಅದನ್ನು ಬಾಗಿಲು ಮಾಡಿದೆ. ಬಾಗಿಲಿನ ಆಚೆ ಏನಿದೆ ಎಂದು ಕೇಳಿದವರಿಗೆ ಇಲಿ ಇದೆ ಎನ್ನುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹುಳಿಯಾರು ಕಡೆಯಿಂದ ತಿಪಟೂರಿನ ಪಕ್ಕದ ತೋಟದ ಮನೆಗೆ ಸೊಸೆಯಾಗಿ ಬಂದೆ. ನಮ್ಮ ಕಡೆ ಒಣಭೂಮಿ. ರಾಗಿ ಹೊಲ, ಹೊಲದ ನಡುನಡುವೆ ಹಳದಿ ಹೂವಿನ ಹುಚ್ಚೆಳ್ಳಿನ ಸಾಲು, ದೂರದಲ್ಲಿ ಕುರಿಮಂದೆ. ಇಲ್ಲಿ ತಲೆ ಎತ್ತಿದರೆ ತೆಂಗಿನ ಗರಿ, ತಗ್ಗಿಸಿದರೆ ಕಾಯಿ ಸಿಪ್ಪೆ. ಮಾವನವರಿಗೆ ಪೇಟೆಯಲ್ಲಿ ಕೊಬ್ಬರಿ ಮಂಡಿ, ಮನೆಯ ಅಟ್ಟದ ತುಂಬ ಕಾಯಿ. ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಲೊಟಲೊಟ ಎನ್ನುವವರೆಗೆ ಆ ಕಾಯಿ ಅಟ್ಟದಿಂದ ಇಳಿಯುವ ಹಾಗಿಲ್ಲ. ಅಡಿಗೆಗೆ, ತಲೆಗೆ, ದೀಪಕ್ಕೆ, ಬಾಗಿಲಿನ ಕೀಲಿಗೆ ಎಲ್ಲಕ್ಕೂ ಕೊಬ್ಬರಿ ಎಣ್ಣೆ. ಎಣ್ಣೆ ಎಂಬ ಮಾತಿಗೆ ಆ ಮನೆಯಲ್ಲಿ ಬೇರೆ ಅರ್ಥವೇ ಇರಲಿಲ್ಲ.

ನನ್ನ ತವರಿನಿಂದ ಅವ್ವ ಒಂದು ದೊಡ್ಡ ಬಾಟ್ಲಿ ಹುಚ್ಚೆಳ್ಳೆಣ್ಣೆ ಕಳಿಸಿದ್ದಳು. ಅತ್ತೆ ಬಿರಡೆ ತೆಗೆದು ಮೂಸಿ, ಮುಖ ಹಿಂಡಿದರು.

"ಇದನ್ನ ಉಣ್ತೀರೇನೇ ನೀವು? ನಮ್ಮನೇಲಿ ಯಾರೂ ಮುಟ್ಟಲ್ಲ ಬುಡು. ಗಾಡಿ ಅಚ್ಚಿಗೆ ಆಯ್ತದೆ."

ಬಾಟ್ಲಿ ಕೊಟ್ಟಿಗೆಯ ಗೂಡು ಸೇರಿತು. ಒಂದೆರಡು ಸಲ ಗಾಡಿಗೆ ಹಾಕಿದರು, ಆಮೇಲೆ ಅದನ್ನೂ ಬಿಟ್ಟರು. ನನಗೆ ಕೋಪ ಬಂದಿತ್ತು. ಹೊಸ ಸೊಸೆ, ಕೋಪವನ್ನು ಕೈಯಲ್ಲಿದ್ದ ಪಾತ್ರೆಯ ಮೇಲೆ ತೋರಿಸಿದೆ. ಆ ಪಾತ್ರೆಯ ನೆಗ್ಗು ಇಂದಿಗೂ ಹಾಗೇ ಇದೆ.

ಅಚ್ಚು ಒತ್ತುವ ನನ್ನ ಆಟ ಶುರುವಾಗಿದ್ದು ನೆಲದ ಮೇಲೆ. ಒಂದು ಬೆಳಗ್ಗೆ ಹಿಂದಿನ ಕೋಣೆಗೆ ಕೆಮ್ಮಣ್ಣು ಹಾಕಿ ಸಾರಿಸುತ್ತಿದ್ದೆ. ತೋಟದಲ್ಲಿ ಎಳೆಯ ಕಾಯಿಗಳು ಗೊನೆಯಲ್ಲಿ ನಿಲ್ಲದೆ ಉದುರುತ್ತವೆ, ಅವಕ್ಕೆ ಹರಳು ಎನ್ನುತ್ತಾರೆ. ಅಂಥ ಒಂದು ಹರಳಿನ ತೊಟ್ಟು ಯಾರದೋ ಕಾಲಿಗೆ ಅಂಟಿಕೊಂಡು ಒಳಗೆ ಬಂದು ಹಸಿ ನೆಲದ ಮೇಲೆ ಬಿದ್ದಿತ್ತು. ಎತ್ತಿದರೆ ಅಡಿಯಲ್ಲಿ ಹೂವು. ದಳದ ಮೇಲೆ ದಳ ಕೂತ, ಯಾರೂ ಬರೆಯದ ಹೂವು. ಇನ್ನೊಂದು ಕಡೆ ಒತ್ತಿದೆ. ಮತ್ತೊಂದು ಹೂವು. ಕೋಣೆ ಪೂರ್ತಿ ಮುಗಿಸುವಷ್ಟರಲ್ಲಿ ಅತ್ತೆ ಬಂದು ಬಾಗಿಲಲ್ಲಿ ನಿಂತಿದ್ದರು.

"ಸಾರ್ಸು ಅಂದ್ರೆ ಸೀರೆ ನೇಯ್ತಾ ಕೂತವ್ಳೆ," ಎಂದರು. ಆದರೆ ಒಳಗೆ ಕಾಲಿಡದೆ, ಹೂವು ಒಣಗುವವರೆಗೆ ಹೊರಗಿನಿಂದಲೇ ಹೋಗಿಬಂದರು. ಅದನ್ನು ನಾನು ಗಮನಿಸಿದೆ.

ಆಮೇಲೆ ನನ್ನ ಕಣ್ಣೇ ಬೇರೆಯಾಯಿತು. ಮೂರು ಕಣ್ಣಿನ ಚಿಪ್ಪನ್ನು ಒತ್ತಿದರೆ ಬೆಚ್ಚಿಬಿದ್ದ ಕೋತಿಯ ಮುಖ. ಗರಿಯ ಬುಡದಲ್ಲಿ ಮರಕ್ಕೆ ಸುತ್ತಿಕೊಂಡಿರುವ ಬಲೆಯಂಥ ನಾರನ್ನು ಒತ್ತಿದರೆ ಥೇಟ್ ಗೋಣಿಬಟ್ಟೆ. ಬೆಂಡೆಕಾಯಿ ಅಡ್ಡ ಕೊಯ್ದರೆ ನಕ್ಷತ್ರ, ಬಾಳೆದಿಂಡು ಕೊಯ್ದರೆ ಜೇನುಗೂಡು. ದೀಪದ ಕಾಡಿಗೆ, ಜರಡಿ ಹಿಡಿದ ಕೆಮ್ಮಣ್ಣು, ಬಟ್ಟೆಗೆ ಹಾಕುವ ನೀಲಿ, ಇವೇ ನನ್ನ ಬಣ್ಣ. ನೀರು, ಜಾಲಿ ಅಂಟು ಸೇರಿಸಿ ಕಲಸಿದರೆ ಕಾಗದದ ಮೇಲೆ ಚೆನ್ನಾಗಿ ಕೂರುತ್ತಿತ್ತು. ಕಾಗದಕ್ಕೇನು ಕೊರತೆ? ಅಂಗಡಿಯಿಂದ ಸಾಮಾನು ಸುತ್ತಿ ಬಂದ ಹಾಳೆ, ತಿಂಗಳು ಮುಗಿದ ಕ್ಯಾಲೆಂಡರಿನ ಬೆನ್ನು, ಮದುವೆ ಕಾಗದದ ಖಾಲಿ ಮಗ್ಗುಲು. ಎಲ್ಲವನ್ನೂ ಮೈದಾ ಅಂಟಿನಿಂದ ಒಂದಕ್ಕೊಂದು ಹಚ್ಚಿ, ಚೀಲ ಹೊಲಿಯುವ ದಬ್ಬಳ ಮತ್ತು ಹುರಿಯಿಂದ ಹೊಲಿದು, ಗೋಣಿಯ ಹೊದಿಕೆ ಹಾಕಿದೆ. ಬೆಂಕಿಪೊಟ್ಟಣದ ಚಿತ್ರ, ಬಸ್ಸಿನ ಚೀಟಿ, ಕೋಳಿ ಪುಕ್ಕ, ಹರಿದ ಸೀರೆಯ ಜರಿ, ಸಿಕ್ಕಿದ್ದೆಲ್ಲ ಅದರೊಳಗೆ ಹೋಯಿತು. ಮಾವನವರು ಅದಕ್ಕೆ ತಿಪ್ಪೆ ಪುಸ್ತಕ ಎಂದು ಹೆಸರಿಟ್ಟರು. ತಿಪ್ಪೆ ಗೊಬ್ಬರ ಹಾಕಿದ ತೋಟ ಹೇಗಿರುತ್ತದೆ ಎಂದು ಅವರಿಗೇ ಗೊತ್ತಿರಬೇಕಲ್ಲ ಎಂದು ನಾನು ಆ ಹೆಸರನ್ನೇ ಮೊದಲ ಪುಟದಲ್ಲಿ ದಪ್ಪಗೆ ಬರೆದೆ.

ಈ ಆಟಕ್ಕೆ ಜೊತೆಯಾದವಳು ನನ್ನ ನಾದಿನಿ, ಗಂಡನ ತಂಗಿ. ಅವಳಿಗೂ ನನಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಅವಳು ಉದ್ದ. ಅಟ್ಟದ ತೊಲೆಗೆ ತಲೆ ತಾಗುವಷ್ಟು ಉದ್ದ. ನೋಡಲು ಬಂದ ಗಂಡುಗಳೆಲ್ಲ ಕುಳಿತಿರುವವರೆಗೆ ಸರಿಯಾಗಿದ್ದು, ಎದ್ದು ನಿಂತ ಮೇಲೆ ಮನಸ್ಸು ಬದಲಾಯಿಸುತ್ತಿದ್ದರು. ಹಾಗೆ ಹೋದ ಪ್ರತಿಯೊಬ್ಬರ ನೆನಪಿಗೂ ನಾವು ಪುಸ್ತಕದಲ್ಲಿ ಒಂದು ಕುಳ್ಳ ಹುಂಜ ಮಾಡಿ ಅಂಟಿಸುತ್ತಿದ್ದೆವು. ಅವಳು ನಗುತ್ತಿದ್ದಳು. ನಗುತ್ತಾ ಹುಂಜದ ಕಾಲನ್ನು ಇನ್ನಷ್ಟು ಗಿಡ್ಡ ಕತ್ತರಿಸುತ್ತಿದ್ದಳು. ಒಳಗೆ ನೋವಿತ್ತು, ನನಗೆ ತಿಳಿಯುತ್ತಿತ್ತು.

ಮಧ್ಯಾಹ್ನ ಊಟದ ಮೇಲೆ ಅತ್ತೆ ಅಡ್ಡಾದರೆ ನಾವಿಬ್ಬರೂ ಅಟ್ಟದ ಕೆಳಗಿನ ಕೋಣೆಗೆ ಹೋಗುತ್ತಿದ್ದೆವು. ಅಲ್ಲಿ ಸದಾ ತಂಪು, ಕೊಬ್ಬರಿಯ ವಾಸನೆ. ಒಂದು ಪುಟದ ಮೇಲೆ ಅವಳು ಕಾಫಿ ಲೋಟ ಇಟ್ಟು ಕಂದು ಬಳೆ ಮೂಡಿಸಿದಳು. ಅಯ್ಯೋ, ಹಾಳಾಯ್ತು ಅತ್ತಿಗೆ, ಹರಿದುಬುಡಾಣ ಎಂದಳು. ನಾನು ಬಿಡಲಿಲ್ಲ. ಬಳೆಯೊಳಗೆ ಬಾಳೆನಾರಿನ ಅರೆಕಾಲುಗಳನ್ನು ಅಂಟಿಸಿದೆ, ಗಾಡಿಯ ಚಕ್ರವಾಯಿತು. ಅವಳು ಬೇಕೆಂದೇ ಪಕ್ಕದಲ್ಲಿ ಇನ್ನೊಂದು ಸಲ ಲೋಟ ಊರಿದಳು, ಗಾಡಿ ಪೂರ್ತಿಯಾಯಿತು. ಅವತ್ತಿನಿಂದ ಅದೇ ನಮ್ಮ ಕಾನೂನು. ಹರಿಯುವ ಹಾಗಿಲ್ಲ. ಕಲೆ ಬಿದ್ದರೆ ಆ ಕಲೆ ಏನಾಗಬೇಕೆಂದು ಕೇಳುತ್ತಿದೆ ನೋಡಬೇಕು.

ಹೀಗಿರುವಾಗ ಅಮ್ಮಸಂದ್ರದಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಸಿಮೆಂಟು ಕಾರ್ಖಾನೆಯಲ್ಲಿ ಕೆಲಸ, ತಂದೆ ಇಲ್ಲ, ತಾಯಿಯ ಮಾತೇ ಮನೆಯಲ್ಲಿ ಕಡೆಯ ಮಾತು. ನೆಂಟರ ಮದುವೆಯೊಂದರಲ್ಲಿ ನಾದಿನಿ ಅವನನ್ನು ಮೊದಲೇ ನೋಡಿದ್ದಳು. ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದನಂತೆ, ಚಪ್ಪರದ ಗಳುವಿಗೆ ತಲೆ ಬಡಿದುಕೊಂಡನಂತೆ.

"ನನಗಿಂತ ಉದ್ದ ಅವ್ರೆ ಅತ್ತಿಗೆ," ಎಂದಳು. ಅಷ್ಟೇ ಹೇಳಿದ್ದು. ಬಣ್ಣ ಕಲಸುತ್ತಿದ್ದ ಬೆರಳನ್ನು ಕೆನ್ನೆಗೆ ಒರೆಸಿಕೊಂಡಿದ್ದೂ ಅವಳಿಗೆ ತಿಳಿಯಲಿಲ್ಲ.

ಅವಳಿಗೆ ಈ ಗಂಡು ಬೇಕಿತ್ತು. ನನಗೆ ಅವಳು ಬೇಕಿತ್ತು. ಈ ಮನೆಯಲ್ಲಿ ನನ್ನ ಹಾಗೆ ನಗುವವಳು ಅವಳೊಬ್ಬಳೇ. ಆದರೂ ಈ ಸಂಬಂಧ ಕೂಡಿ ಬರಲೇಬೇಕು ಎಂದು ನಾನು ತೀರ್ಮಾನಿಸಿದೆ, ನಾನು ತೀರ್ಮಾನಿಸಿದರೆ ಸುಮ್ಮನಿರುವವಳಲ್ಲ. ಬಂದವರು ಕೂರಲು ಹಾಸುವ ಬಿಳಿ ದುಪ್ಪಟಿಗೆ ನಾನೇ ಅಚ್ಚು ಹಾಕುತ್ತೇನೆ ಎಂದೆ. ಈ ಮನೆಯ ಹೆಣ್ಣುಮಕ್ಕಳ ಕೈ ಎಂಥದ್ದೆಂದು ಅವರು ಕೂತಲ್ಲೇ ನೋಡಲಿ.

ಅತ್ತೆಗೂ ಅದು ಹಿಡಿಸಿತು. ಆದರೆ ಅನುಮಾನ. "ನಿನ್ನ ನೀರು ಬಣ್ಣ ಒಂದು ತೊಟ್ಟು ಕಾಫಿ ಬಿದ್ರೆ ಹೋಯ್ತದೆ. ಎಣ್ಣೇಲಿ ಕಲ್ಸು, ಭದ್ರವಾಗಿ ಕೂತ್ಕತದೆ," ಎಂದು ತಾವೇ ಬಟ್ಟಲು ತಂದುಕೊಟ್ಟರು. ಬಟ್ಟಲಲ್ಲಿ ಇದ್ದದ್ದು ಯಾವ ಎಣ್ಣೆ ಎಂದು ಕೇಳಬೇಕೇ? ಮಂಡಿಯಲ್ಲಿ ಚೀಲಗಳ ಮೇಲೆ ಮಾರ್ಕು ಹಾಕುವ ಮಸಿ ಇತ್ತು. ಅದನ್ನು ಕೇಳುವುದು ನನಗೆ ಬೇಕಿರಲಿಲ್ಲ, ಚೀಲದ ವಾಸನೆ ಹೊಡೆಯುವ ದುಪ್ಪಟಿಯ ಮೇಲೆ ನಾದಿನಿಯ ಮದುವೆ ಮಾತು ನಡೆಯಬಾರದು ಎಂದುಕೊಂಡಿದ್ದೆ.

ಅದು ಸಂಕ್ರಾಂತಿಯ ಮರುವಾರ. ಬೆಳಗಿನ ಹೊತ್ತು ಬಾಯಿ ತೆರೆದರೆ ಹೊಗೆ ಬರುವ ಚಳಿ. ಹಿಂದಿನ ದಿನ ಸಂಜೆ ಕಾಡಿಗೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಅರೆದು, ಹರಳಿನ ತೊಟ್ಟು ಅದ್ದಿ ಅದ್ದಿ, ದುಪ್ಪಟಿಯ ತುಂಬ ಹೂವಿನ ಸಾಲು ಒತ್ತಿದೆವು. ನಡುವೆ ಒಂದು ದೊಡ್ಡ ಹೂಬಳ್ಳಿ. ಹಿತ್ತಲ ಪಡಸಾಲೆಯಲ್ಲಿ ಹಗ್ಗಕ್ಕೆ ನೇತುಹಾಕಿದೆವು. ಬೆಳಗ್ಗೆ ಎದ್ದು ಬೆರಳಿನಿಂದ ಒತ್ತಿ ನೋಡಿದರೆ ಅಚ್ಚು ಗಟ್ಟಿ. ಅತ್ತೆ ಉಗುರಿನಿಂದ ಗೀರಿ ನೋಡಿ, "ಕಲ್ಲಾದಂಗೆ ಆಗ್ಬುಟ್ಟದೆ ನೋಡು," ಎಂದರು. ನಾನು ಬೀಗಿದೆ, ಅತ್ತೆ ನನಗಿಂತ ಹೆಚ್ಚು ಬೀಗಿದರು.

ಚಳಿಗಾಲದಲ್ಲಿ ಆ ಮನೆಯ ದಿನ ಶುರುವಾಗುವುದೇ ಎಣ್ಣೆ ಬಾಟ್ಲಿಯನ್ನು ಬಿಸಿಲಿನ ಗೋಡೆಯ ಮೇಲೆ ಇಡುವುದರಿಂದ. ಬೆಣ್ಣೆಯಂತೆ ಗಟ್ಟಿಯಾದ ಎಣ್ಣೆ ಕರಗಿದ ಮೇಲೇ ತಲೆ ಬಾಚುವುದು. ಅವತ್ತೂ ಬಾಟ್ಲಿ ಗೋಡೆಯ ಮೇಲೆ ಕೂತಿತ್ತು. ಅದನ್ನು ಇಟ್ಟವರು ಅತ್ತೆ, ತಂದವಳು ನಾದಿನಿ, ಕರಗಿದ ಎಣ್ಣೆ ಹಚ್ಚಿ ಅವಳಿಗೆ ಜಡೆ ಹಾಕಿದವಳು ನಾನು. ಮೂವರೂ ಹೆಂಗಸರು, ಮೂವರಿಗೂ ಕಣ್ಣಿತ್ತು. ದುಪ್ಪಟಿಯ ಮೇಲಿರುವುದೂ ಅದೇ ಎಣ್ಣೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಬೇರೆ ಯಾವ ಸೀಮೆಯವರೂ ಈ ತಪ್ಪು ಮಾಡಲಾರರು, ಇದಕ್ಕೆ ತೆಂಗಿನ ತೋಟದಲ್ಲೇ ಬಾಳಿರಬೇಕು.

ಅವರು ಪ್ಯಾಸೆಂಜರ್ ರೈಲಿಗೆ ಬಂದರು. ಹುಡುಗ, ಅವನ ತಾಯಿ, ಅವನ ಸೋದರಮಾವ. ತಾಯಿ ಗಂಧದ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದರು, ಹಣೆಯಲ್ಲಿ ಅಚ್ಚುಕಟ್ಟಾದ ವಿಭೂತಿ. ಸೋದರಮಾವನದು ಗಂಜಿ ಹಾಕಿದ ಬಿಳಿ ಪಂಚೆ. ನಡುಮನೆಯಲ್ಲಿ ದುಪ್ಪಟಿಯ ಮೇಲೆ ಕೂತರು. ಕಿಟಕಿಯಿಂದ ಬಿಸಿಲು ಸೀದಾ ಅವರ ಮೇಲೇ ಬೀಳುತ್ತಿತ್ತು. ಚಳಿಯಲ್ಲಿ ಬಂದವರು, ಬಿಸಿಲು ಹಿತವಾಗಿರಲಿ ಎಂದು ಆ ಜಾಗ ಆರಿಸಿದ್ದೂ ನಾವೇ.

ಹುಡುಗನ ತಾಯಿ ಕೂತ ಕೂಡಲೇ ಅಚ್ಚನ್ನು ಕೈಯಿಂದ ಸವರಿ, "ಇದು ಅಂಗಡೀದಲ್ಲ," ಎಂದರು.

"ನಮ್ಮ ಸೊಸೆ, ಮಗಳು ಸೇರ್ಕಂಡು ಮಾಡಿದ್ದು ಕಣ್ರೀ," ಎಂದರು ಅತ್ತೆ.

ಉಪ್ಪಿಟ್ಟು ಬಂತು, ಕೇಸರಿಬಾತ್ ಬಂತು. ನಾದಿನಿ ಕಾಫಿ ತಂದಳು. ಯಾವತ್ತೂ ಬೆನ್ನು ಬಗ್ಗಿಸಿ ತನ್ನ ಉದ್ದವನ್ನು ಬಚ್ಚಿಟ್ಟುಕೊಂಡು ಬರುತ್ತಿದ್ದವಳು ಅವತ್ತು ನೆಟ್ಟಗೆ ನಡೆದು ಬಂದಳು. ಹುಡುಗ ತಲೆ ಎತ್ತಿ ನೋಡಿದ, ನೋಡಿದವನು ಲೋಟ ತೆಗೆದುಕೊಳ್ಳುವುದನ್ನೇ ಮರೆತ. ಮಾತು ಸಲೀಸಾಗಿ ಸಾಗಿತು. ತೋಟ, ಕೊಬ್ಬರಿ ದರ, ಕಾರ್ಖಾನೆಯ ಧೂಳು, ನಮ್ಮ ಕಡೆಯ ನೆಂಟರು ಅವರ ಕಡೆಯ ನೆಂಟರಿಗೆ ಏನಾಗಬೇಕು ಎಂಬುದು. ಬಿಸಿಲು ಚುರುಕಾಯಿತು. ಎಲ್ಲ ಮುಗಿದು, ತೋಟ ನೋಡಿಕೊಂಡು ಬರೋಣ ಎಂದು ಸೋದರಮಾವ ಎದ್ದರು.

ಅವರ ಪಂಚೆಯ ಹಿಂಭಾಗದಲ್ಲಿ ಹೂವಿನ ಸಾಲು. ಬಿಳಿಯ ಮೇಲೆ ಕಪ್ಪು, ದಳದ ಸಮೇತ. ಅಷ್ಟು ಸ್ಪಷ್ಟವಾದ ಅಚ್ಚನ್ನು ನಾನು ಅಲ್ಲಿಯವರೆಗೆ ಹಾಕಿಯೇ ಇರಲಿಲ್ಲ.

ಅವರ ಹಿಂದೆಯೇ ಹುಡುಗನ ತಾಯಿ ಎದ್ದರು. ಗಂಧದ ಬಣ್ಣದ ರೇಷ್ಮೆಯ ಮೇಲೆ ನಮ್ಮ ದೊಡ್ಡ ಹೂಬಳ್ಳಿ, ಸುತ್ತ ಎಣ್ಣೆಯ ಪಸೆ. ಮಾವನವರು ಕೆಮ್ಮಿದರು. ಅತ್ತೆ ಸೆರಗು ಬಾಯಿಗೆ ಹಿಡಿದರು. ನಾದಿನಿಯ ಮುಖ ಬಿಳಿಚಿಕೊಂಡಿತು. ಹುಡುಗ ಮಾತ್ರ, ಪಾಪ, ನಗು ತಡೆಯಲು ಛಾವಣಿ ನೋಡುತ್ತಾ ನಿಂತ. ಅವನದು ಕಂದು ಪ್ಯಾಂಟು, ಅವನ ಹೂವು ಯಾರಿಗೂ ಕಾಣುವಂತಿರಲಿಲ್ಲ.

ವಿಷಯ ತಿಳಿದ ಮೇಲೆ ಹುಡುಗನ ತಾಯಿ ಸೀರೆಯನ್ನು ಮುಂದಕ್ಕೆ ಎಳೆದು ನೋಡಿಕೊಂಡರು. ಕಿರುಚಲಿಲ್ಲ. ಕಿರುಚಿದ್ದರೆ ವಾಸಿಯಾಗಿತ್ತು.

"ಸಿಮೆಂಟಿನ ಬಟ್ಟೆ ಒಗೆದೂ ಒಗೆದೂ ನನ್ನ ಕೈ ಸವೆದೋಗ್ಬುಟ್ಟದೆ ಕಣಮ್ಮ. ಯಾವ ಕಲೆ ಹೋಯ್ತದೆ ಯಾವುದು ಹೋಗಲ್ಲ ಅಂತ ನನಗೆ ಯಾರೂ ಹೇಳ್ಕೊಡಬೇಕಿಲ್ಲ. ಇದು ಹೋಗಲ್ಲ," ಎಂದರು.

ಆಗ ಎಲ್ಲರೂ ನನ್ನ ಕಡೆ ನೋಡಿದರು. ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಹೋಗಲ್ಲ ಅಮ್ಮಾ, ನಿಜ. ಹೋಗಿಸೋದೂ ಬೇಡ. ಸೀರೆ ಬಿಟ್ಟುಹೋಗಿ. ಇಷ್ಟು ಹೂವು ಕಲೆ ಅನ್ನಿಸ್ತದೆ, ಸೀರೆ ತುಂಬ ಹೂವಾದ್ರೆ ಸೀರೆ ಅನ್ನಿಸ್ತದೆ. ಪೂರ್ತಿ ಮಾಡ್ಕೊಡ್ತೀನಿ."

"ಪೂರ್ತಿ ಮಾಡಿದ್ ಮೇಲೆ ನಾನು ಕೂತ ಕಡೆಗೆಲ್ಲ ಹೂವು ಬಿಟ್ಕಂಡು ಬರಲೇನು?"

"ಹಂಗಾಗಲ್ಲ," ಎಂದೆ. ಹಾಗೆ ಆಗದಂತೆ ಹೇಗೆ ಮಾಡುವುದು ಎಂಬುದು ಆ ಕ್ಷಣಕ್ಕೆ ನನಗೂ ಗೊತ್ತಿರಲಿಲ್ಲ. ಆದರೆ ನನಗೆ ಹೆದರಿಕೆಯಾಗಲಿಲ್ಲ. ಕಲೆ ಬಿದ್ದ ಪುಟ ಎದುರಿಗಿದ್ದಾಗ ನನಗೆ ಯಾವತ್ತೂ ಹೆದರಿಕೆಯಾದದ್ದಿಲ್ಲ.

ಹುಡುಗನ ತಾಯಿ ನಮ್ಮ ಅತ್ತೆಯ ಸೀರೆ ಉಟ್ಟು, ಅವನ ಸೋದರಮಾವ ನಮ್ಮ ಮಾವನವರ ಪಂಚೆ ಉಟ್ಟು ರೈಲಿಗೆ ಹೊರಟರು. ಹುಡುಗಿ ಒಪ್ಪಿಗೆಯೇ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹೊರಡುವಾಗ ತಾಯಿಯೇ ಹೇಳಿದರು: "ಮೊದಲು ಸೀರೆ ಬರಲಿ. ಮಿಕ್ಕ ಮಾತು ಆಮೇಲೆ."

ಅಲ್ಲಿಗೆ ನಾದಿನಿಯ ಮದುವೆ ನನ್ನ ಕೈಯಲ್ಲಿದ್ದ ಒಂದು ತೊಟ್ಟಿನ ಮೇಲೆ ನಿಂತಿತು. ಅವರು ಗೇಟು ದಾಟುತ್ತಲೇ ಅತ್ತೆ ಶುರುಮಾಡಿದರು. "ನಿನ್ನ ತಿಪ್ಪೆ ಪುಸ್ತಕ ನನ್ನ ಮಗಳ ತಲೆ ಮೇಲೆ ಬಿತ್ತಲ್ಲೇ!" ಎಣ್ಣೆ ಕೊಟ್ಟವರು ಯಾರು ಎಂದು ನಾನು ಕೇಳಿದೆ. ಕೇಳಬಾರದಿತ್ತು ಎಂದು ಇವತ್ತಿಗೂ ನನಗನ್ನಿಸಿಲ್ಲ. ಅತ್ತೆ ಗೋಡೆಯ ಮೇಲಿನ ಎಣ್ಣೆ ಬಾಟ್ಲಿಯನ್ನು ಎತ್ತಿಕೊಂಡು ಒಳಗೆ ಹೋದರು. ನಾದಿನಿ ಅಟ್ಟದ ಕೆಳಗೆ ಕೂತು, ಹುಂಜದ ಪುಟ ತೆಗೆದು, ಕತ್ತರಿ ಕೈಯಲ್ಲಿ ಹಿಡಿದಿದ್ದಳು.

"ಇವರಿಗೆ ಹುಂಜ ಮಾಡಲ್ಲ ಅತ್ತಿಗೆ. ನನ್ ಕೈಲಾಗಲ್ಲ," ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕತ್ತರಿ ಕಿತ್ತುಕೊಂಡು, ಹುಂಜ ಮಾಡುವ ಪ್ರಸಂಗ ಬರುವುದಿಲ್ಲ ಏಳು ಎಂದೆ.

ಸೀರೆಯನ್ನು ಅಂಟುವಾಳದ ನೊರೆಯಲ್ಲಿ ಮೆತ್ತಗೆ ಹಿಂಡದೆ ಒಗೆದೆವು. ಎಣ್ಣೆಯ ಪಸೆ ಬಿಟ್ಟಿತು, ಕಾಡಿಗೆ ಉಳಿಯಿತು. ಬೂದಿ ಬಣ್ಣದ ಹೂಬಳ್ಳಿ ನಿಚ್ಚಳವಾಗಿತ್ತು. ಈಗ ಬೇಕಾಗಿದ್ದದ್ದು ಒಣಗುವ ಎಣ್ಣೆ. ಹರಳೆಣ್ಣೆ ತಂದೆ, ಚಿಂದಿಯ ಮೇಲೆ ಒತ್ತಿ ದಿನಗಟ್ಟಲೆ ಕಾದೆ, ಹಸಿ ಹಾಗೇ ಇತ್ತು. ಕಡಲೆಕಾಯಿ ಎಣ್ಣೆಯದೂ ಅದೇ ಹಾಡು. ಗಂಡನನ್ನು ಪೇಟೆಗೆ ಕಳಿಸಿ ಬಣ್ಣದ ಅಂಗಡಿಯಲ್ಲಿ ವಿಚಾರಿಸಿದೆ. ಬಾಗಿಲಿಗೆ ಬಳಿಯುವ ಬಣ್ಣ ಹಿಡಿದುಕೊಂಡು ಬಂದರು. ಅದು ಒಣಗಿದ ಮೇಲೆ ಚಿಂದಿ ತಗಡಿನ ಹಾಗೆ ಸೆಟೆದುಕೊಂಡಿತು. ಆ ಬಣ್ಣ ಒತ್ತಿದ್ದರೆ ಸೀರೆಯನ್ನು ಉಡುವ ಬದಲು ಗೋಡೆಗೆ ಒರಗಿಸಿ ಇಡಬಹುದಿತ್ತು.

ಆಗ ನನಗೆ ತವರು ನೆನಪಾಯಿತು. ಚಿಕ್ಕಂದಿನಲ್ಲಿ ನನ್ನ ಪಾಲಿಗಿದ್ದ ದರಿದ್ರ ಕೆಲಸವೆಂದರೆ ಹುಚ್ಚೆಳ್ಳೆಣ್ಣೆಯ ಜಾಡಿ ತಿಕ್ಕುವುದು. ಬಾಯಿಯ ಸುತ್ತ ಸುರಿದ ಎಣ್ಣೆ ಕಂದಾಗಿ, ಚರ್ಮದ ಹಾಗೆ ಕಚ್ಚಿಕೊಳ್ಳುತ್ತಿತ್ತು. ಬೂದಿಗೆ ಜಗ್ಗದು, ಸೀಗೆಗೆ ಜಗ್ಗದು, ಚಾಕುವಿನಿಂದ ಹೆರೆಯಬೇಕಿತ್ತು. ಓಡಿಹೋಗಿ ಕೊಟ್ಟಿಗೆಯ ಗೂಡಿನಿಂದ ಅವ್ವ ಕಳಿಸಿದ ಬಾಟ್ಲಿ ಇಳಿಸಿದೆ. ಬಿರಡೆ ಬಾಯಿಗೆ ಅಂಟಿಕೊಂಡು ಅಲ್ಲಾಡಲಿಲ್ಲ. ಬಾಟ್ಲಿಯ ಮೈಮೇಲೆ ಇಳಿದಿದ್ದ ಹನಿಗಳು ಜಾಲಿ ಅಂಟಿನಂತೆ ಗಟ್ಟಿಯಾಗಿ ಹೊಳೆಯುತ್ತಿದ್ದವು. ಬೆರಳಿನಿಂದ ಉಜ್ಜಿದೆ, ಬೆರಳಿಗೆ ಏನೂ ಹತ್ತಲಿಲ್ಲ. ಬಿಸಿಲಿಗೆ ಹಿಡಿದೆ, ಕರಗಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆಯ ಎದುರು ನಿಂತು ನಾನೊಬ್ಬಳೇ ಗಟ್ಟಿಯಾಗಿ ನಕ್ಕೆ. ನಮ್ಮೂರ ಎಣ್ಣೆ ಒಣಗುತ್ತದೆ!

ಅತ್ತೆಗೆ ತೋರಿಸಿದೆ. ಅವರು ಬಿರಡೆಯನ್ನು ತಿರುಗಿಸಿ ತಿರುಗಿಸಿ ಸೋತು, "ಆಯ್ತು, ಆಯ್ತು, ಮಾಡು," ಎಂದರು. ಆ ಎರಡು ಆಯ್ತುಗಳನ್ನು ನಾನು ಕಿವಿ ತುಂಬ ಕೇಳಿಸಿಕೊಂಡೆ.

ಬಾಟ್ಲಿಯ ಕುತ್ತಿಗೆ ಬಿಸಿ ಮಾಡಿ ತೆಗೆದೆವು. ಹಿತ್ತಲ ಒಲೆಯಲ್ಲಿ ಎಣ್ಣೆಯನ್ನು ಜೇನಿನಷ್ಟು ಮಂದವಾಗುವವರೆಗೆ ಕುದಿಸಿದೆವು. ತೆಳ್ಳಗಿದ್ದರೆ ಬಟ್ಟೆಯಲ್ಲಿ ಹರಡಿಕೊಂಡು ಹೂವಿಗೆ ಗಡ್ಡ ಬರುತ್ತದೆ. ವಾಸನೆಗೆ ಮಾವನವರು ಊಟ ಮಂಡಿಗೇ ತರಿಸಿಕೊಂಡರು. ಕಾಡಿಗೆ ಅರೆದು ಕಪ್ಪು, ಕೆಮ್ಮಣ್ಣು ಅರೆದು ಕೆಂಪು. ಚಿಂದಿಯ ಮೇಲೆ ಒತ್ತಿ ಬಿಸಿಲಿಗೆ ಹಾಕಿದರೆ ಮೊದಲು ಹಸಿ, ಆಮೇಲೆ ಜಿಗುಟು, ಒಂದು ವಾರದ ಹೊತ್ತಿಗೆ ಒಣಕಲು. ನೀರಿಗೆ ಹೋಗಲಿಲ್ಲ, ಬಿಸಿಗೆ ಹೋಗಲಿಲ್ಲ, ಬಟ್ಟೆ ಮೆತ್ತಗೇ ಉಳಿಯಿತು.

ಆಮೇಲೆ ನಾವಿಬ್ಬರೂ ಸೀರೆಗೆ ಕೂತೆವು. ಅಟ್ಟದ ಕೆಳಗೆ ಚಾಪೆಯ ಮೇಲೆ ಗಂಧದ ಬಣ್ಣದ ರೇಷ್ಮೆ ಹರಡಿ, ಒಂದು ತುದಿಯಿಂದ ಅವಳು, ಇನ್ನೊಂದು ತುದಿಯಿಂದ ನಾನು. ಬೂದಿ ಬಣ್ಣದ ಹೂಬಳ್ಳಿಯ ಮೇಲೇ ಕಪ್ಪು ಹೂವು ಕೂರಿಸಿದೆವು. ಅದರ ಜೊತೆಗೆ ಕೆಂಪು ಹೂವು, ನಡುವೆ ಗರಿಯ ಬುಡದ ನಾರಿನಿಂದ ಸಣ್ಣ ಬಲೆ, ಅಂಚಿಗೆ ಬೆಂಡೆಕಾಯಿಯ ನಕ್ಷತ್ರ. ಸೆರಗಿಗೆ ಕೋತಿಯ ಮುಖ ಒತ್ತೋಣ ಎಂದು ನಾನೆಂದೆ. ಅತ್ತಿಗೆ, ನನ್ನ ಮದುವೆ ಕಣೇ ಎಂದು ಅವಳು ಕೈ ಮುಗಿದಳು. ಮೊದಲ ಸಲ ಅವಳು ನನ್ನನ್ನು ಕಣೇ ಎಂದಿದ್ದು, ನನಗೆ ಬಹಳ ಖುಷಿಯಾಯಿತು. ಕೋತಿಯನ್ನು ಬಿಟ್ಟುಕೊಟ್ಟೆ. ಸೀರೆಯ ಮಧ್ಯದಲ್ಲಿ ನಮ್ಮಿಬ್ಬರ ಸಾಲುಗಳು ಬಂದು ಸೇರಿದಾಗ ಯಾವುದು ಯಾರ ಕೈ ಎಂದು ನಮಗೇ ತಿಳಿಯಲಿಲ್ಲ.

ಚೆನ್ನಾಗಿ ಒಣಗಿದ ಮೇಲೆ ಅತ್ತೆ, ನಾನು, ನನ್ನ ಗಂಡ ಅಮ್ಮಸಂದ್ರಕ್ಕೆ ಹೋದೆವು. ಹುಡುಗನ ತಾಯಿ ಸೀರೆ ಬಿಡಿಸಿ ನೋಡಲಿಲ್ಲ, ಮೊದಲು ಮೂಸಿದರು. ಆಮೇಲೆ ಒದ್ದೆ ಬೆರಳಿನಿಂದ ಉಜ್ಜಿದರು. ಬಿಳಿ ಟವೆಲ್ಲು ಇಟ್ಟು ಅಂಗೈಯಿಂದ ಒತ್ತಿದರು. ಅದೂ ಸಾಲದೆಂದು ಒಳಗೆ ಹೋಗಿ ಉಟ್ಟುಕೊಂಡು ಬಂದು, ಅಂಗಳದಲ್ಲಿ ಬಿಸಿಲು ಬೀಳುವ ಕಡೆ ಬಿಳಿ ಪಂಚೆ ಹಾಸಿ ಅದರ ಮೇಲೆ ಕೂತರು. ಕೂತೇ ಇದ್ದರು. ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು, ಅಂಗೈ ಬೆವೆತಿತ್ತು. ನನ್ನದು ಬೆವೆತಿರಲಿಲ್ಲ.

ಎದ್ದು ನೋಡಿದರು. ಪಂಚೆ ಬೆಳ್ಳಗಿತ್ತು.

"ಇದ್ರಲ್ಲಿ ನಿಂದ್ಯಾವುದು, ಆ ಹುಡುಗೀದ್ಯಾವುದು?" ಎಂದು ಕೇಳಿದರು.

"ಗೊತ್ತಾಗಲ್ಲ ಅಮ್ಮಾ. ಇಬ್ರೂ ಸೇರಿ ಮಾಡಿದ್ದು."

"ಅವತ್ತು ಕಾಫಿ ತಂದ್ಲಲ್ಲ, ನೆಟ್ಟಗೆ ನಡ್ಕಂಡು. ಆವಾಗ್ಲೇ ಮನ್ಸಲ್ಲಿ ಒಪ್ಕಂಡಿದ್ದೆ. ನನ್ ಮಗನೂ ಊಟ ಬಿಟ್ಟು ಕೂತವ್ನೆ. ಆದ್ರೆ ಹೇಳಿಬುಟ್ಟಿದ್ರೆ ನನ್ನ ಸೀರೆ ಗತಿ ಏನಾಗ್ತಿತ್ತು?" ಎಂದು ಸೆರಗು ಕೊಡವಿ ನಕ್ಕರು. "ದಿನ ನೋಡಿ ಕಣ್ರೀ."

ಅತ್ತೆ ಅಳುತ್ತಾ ನಗುತ್ತಾ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ನಾನು ಗೆದ್ದಿದ್ದೆ. ವಾಪಸ್ಸು ರೈಲಿನಲ್ಲಿ ಕೂತು ಗಾಳಿಗೆ ಮುಖ ಕೊಟ್ಟಾಗಲೇ ಹೊಳೆದದ್ದು: ಅವಳನ್ನು ನಾನೇ, ನನ್ನ ತವರಿನ ಎಣ್ಣೆ ಖರ್ಚುಮಾಡಿ, ಒಂದು ಹೂವೂ ಅಲುಗದ ಹಾಗೆ ಬೇರೆ ಮನೆಗೆ ಕಳಿಸಿಕೊಟ್ಟಿದ್ದೆ. ಸಂಕಟವಾಯಿತು. ಆದರೆ ಆ ಸಂಕಟ ಬೇಡವೆನ್ನಿಸಲಿಲ್ಲ.

ಮದುವೆಯಲ್ಲಿ ಹುಡುಗನ ತಾಯಿ ಅದೇ ಸೀರೆ ಉಟ್ಟರು. ನಾದಿನಿ ಹೊರಡುವ ಮುನ್ನ ನಾವು ಪುಸ್ತಕದ ಹೊಲಿಗೆ ಬಿಚ್ಚಿ ಅರ್ಧ ಪುಸ್ತಕ ಅವಳಿಗೆ, ಅರ್ಧ ನನಗೆ ಎಂದು ಹಂಚಿಕೊಂಡೆವು. ಹರಿಯುವ ಹಾಗಿಲ್ಲ ಎಂದಿತ್ತೇ ಹೊರತು ಬಿಚ್ಚುವ ಹಾಗಿಲ್ಲ ಎಂದಿರಲಿಲ್ಲ. ಹುಂಜಗಳೆಲ್ಲ ನನ್ನ ಪಾಲಿಗೆ ಬಂದವು. ಅಟ್ಟದ ಕೆಳಗೆ ಒಬ್ಬಳೇ ಕೂತು ಕೆಲಸ ಮಾಡಿದೆ. ಕೈ ನಿಲ್ಲಲಿಲ್ಲ, ಆದರೆ ಲೋಟ ಊರಿ ಪುಟ ಕೆಡಿಸುವವರು ಯಾರೂ ಇರಲಿಲ್ಲ. ಕೆಲವು ಸಲ ಅತ್ತೆ ಬಂದು ಬಾಗಿಲಲ್ಲಿ ನಿಂತು, ಅವಳು ಕೂರುತ್ತಿದ್ದ ಚಾಪೆಯ ತುದಿ ನೋಡಿ ಹೋಗುತ್ತಿದ್ದರು.

ಗೌರಿ ಹಬ್ಬಕ್ಕೆ ನಾದಿನಿ ಬಂದಳು. ಅವಳ ಅರ್ಧದಲ್ಲಿ ಹೊಸ ಪುಟಗಳು, ಎಲ್ಲ ಸಿಮೆಂಟಿನ ಬೂದು. ಗಂಡನ ಬೂಟಿನ ಅಡಿಯ ಅಚ್ಚು, ಅವಳ ಅತ್ತೆಯ ಸವೆದ ಅಂಗೈಯ ಅಚ್ಚು. ನಾವಿಬ್ಬರೂ ತಲೆಗೆ ತಲೆ ಕೊಟ್ಟು ನೋಡುತ್ತಿದ್ದಾಗ ಅತ್ತೆ ದಬ್ಬಳ, ಹುರಿ ಹಿಡಿದು ಬಂದರು. ಎರಡು ಭಾಗಗಳನ್ನೂ ಜೋಡಿಸಿ, ಕೊಬ್ಬರಿ ಚೀಲದ ಬಾಯಿ ಹೊಲಿಯುವ ಹಾಗೆ ಬಿಗಿಯಾಗಿ ಹೊಲಿದರು.

"ಹೋಗುವಾಗ ಮತ್ತೆ ಬಿಚ್ಚಬೇಕಲ್ಲ ಅತ್ತೆ," ಎಂದೆ.

"ಆವಾಗ ನೋಡ್ಕಳಾಣ," ಎಂದರು.

ಅವಳು ಹೊರಡುವ ದಿನ ಬೆಳಗ್ಗೆ ಕತ್ತರಿ ಎಲ್ಲೂ ಸಿಗಲಿಲ್ಲ. ಈಳಿಗೆಮಣೆಯೂ ಸಿಗಲಿಲ್ಲ. ನಾವು ಹುಡುಕುತ್ತಿರುವಾಗ ಅತ್ತೆ ನನ್ನ ತಿಪ್ಪೆ ಪುಸ್ತಕವನ್ನು ಇಡಿಯಾಗಿ ಮಗಳ ಚೀಲದೊಳಗೆ, ಸೀರೆಗಳ ನಡುವೆ ತುರುಕುತ್ತಿದ್ದರು.

"ಅದು ಅತ್ತಿಗೇದು ಕಣವ್ವ," ಎಂದಳು ನಾದಿನಿ.

"ಗೊತ್ತು ಬುಡೇ. ಅವಳ್ದು ಅಂತಾನೇ ಕೊಟ್ಟಿದೀನಿ. ವಾಪಸ್ ಕೊಡಕ್ಕೆ ನೀನು ಬರಲೇಬೇಕಲ್ಲ."